ನೀರಾನೆ ಮಾಡಿದ ಎಡವಟ್ಟು

21 ಜನವರಿ 2025, ಮಂಗಳವಾರ
ಡೊಂಬಿವಲಿ

ಬೆಳಿಗ್ಗೆ ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಸಿಕ್ಕಿತು, ಕೂರಲು ಸೀಟೂ ಸಿಕ್ಕಿತು. ಘಾಟ್ಕೋಪರ್ ಬರುವಷ್ಟರಲ್ಲಿ ನರ್ಸಿಂಗ್ ಫಸ್ಟ್ ಇಯರ್ ಹುಡುಗಿಯರ ಟೆಸ್ಟ್ ಪೇಪರ್ ತಿದ್ದಿ ಮುಗಿಸೋಣ ಅಂತ ಬ್ಯಾಗಿನಿಂದ ಕಟ್ಟು ತೆಗೆದೆ. ಠಾಣೆ ದಾಟುವ ಹೊತ್ತಿಗೆ ಕೆಂಪು ಪೆನ್ನು ಕೆಳಗಿಟ್ಟು ಸುಮ್ನೆ ಕೂತುಬಿಟ್ಟೆ.

ಹೈಪೋಗ್ಲೈಸೀಮಿಯಾ ಅಂದರೇನು ಅಂತ ಕೇಳಿದ್ದೆ. 31 ಪೇಪರ್‌ಗಳಲ್ಲಿ 9ರಲ್ಲಿ ಉತ್ತರ ಒಂದೇ: ರಕ್ತದಲ್ಲಿ ಸಕ್ಕರೆ ಜಾಸ್ತಿಯಾಗುವುದು. ಸರಿಯುತ್ತರ ಕಡಿಮೆಯಾಗುವುದು.

ಒಬ್ಬಿಬ್ಬರು ಬರೆದಿದ್ದರೆ ಗಡಿಬಿಡಿಯಲ್ಲಿ ಬರೆದಿದ್ದಾರೆ ಅಂದುಕೊಳ್ಳಬಹುದಿತ್ತು. ಒಂಬತ್ತು ಜನ ಒಂದೇ ತಪ್ಪು ಮಾಡಿದರೆ ಅದು ಕಲಿಸಿದವಳ ತಪ್ಪು. ಅದೂ ಎಂಥ ತಪ್ಪು! ಸಕ್ಕರೆ 70ಕ್ಕಿಂತ ಕೆಳಗಿಳಿದು, ಮೈಯೆಲ್ಲ ಬೆವತು, ಕೈ ನಡುಗುತ್ತಾ ಮಲಗಿರುವ ರೋಗಿಗೆ ಬೇಕಾದದ್ದು ಗ್ಲೂಕೋಸ್. ಜಾಸ್ತಿಯಾಗಿದೆ ಅಂದುಕೊಂಡು ಇನ್ಸುಲಿನ್ ಚುಚ್ಚಿದರೆ ಇದ್ದ ಸಕ್ಕರೆಯೂ ಇಳಿದು ಜೀವಕ್ಕೇ ಸಂಚಕಾರ.

ಕ್ಲಾಸಿಗೆ ಹೋದವಳೇ ಅಕ್ಕಲಕೋಟೆ ಹುಡುಗಿಯನ್ನು ಕೇಳಿದೆ. ಸೋಲಾಪುರ ಜಿಲ್ಲೆಯವಳು, ಮನೆಮಾತು ಕನ್ನಡ. ಕ್ಲಾಸಿನಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಎಲ್ಲ ಕಲಸಿ ಪಾಠ ನಡೆದರೂ ನನ್ನ ಹತ್ತಿರ ಮಾತ್ರ ಕನ್ನಡದಲ್ಲೇ ಮಾತಾಡುತ್ತಾಳೆ.

"ಯಾಕೆ ಹೀಗೆ ಬರೆದೆ?"

ಗೋಡೆಯ ಕಡೆ ಬೆರಳು ತೋರಿಸಿದಳು. "ನೀವ ಬರದೀರಲ್ರಿ ಮೇಡಂ. ನೀರಾನಿ ಅಷ್ಟ ದೊಡ್ಡದ ಐತಿ. ಅದಕ್ಕ ಜಾಸ್ತಿ ಅಂತ ನೆನಪ ಇಟ್ಕೊಂಡೆ."

ಗೋಡೆಯ ಮೇಲೆ ನನ್ನದೇ ಚಾರ್ಟ್. ಎರಡು ವಾರದ ಹಿಂದೆ ಉತ್ಸಾಹದಲ್ಲಿ ಬರೆದದ್ದು. ಹೈಪೋ ಅಂದರೆ ಹಿಪ್ಪೋ, ಕೇಳಲು ಒಂದೇ ಥರ ಇದೆ, ಮಕ್ಕಳು ಮರೆಯಲ್ಲ ಅಂತ ಬಾಯಿ ತೆರೆದ ದಪ್ಪ ನೀರಾನೆ ಬರೆದು ಬೂದು ಬಣ್ಣ ಬೇರೆ ಬಳಿದಿದ್ದೆ. ಮರೆಯಲಿಲ್ಲ, ನಿಜ. ಶಬ್ದಕ್ಕೆ ಚಿತ್ರ ಹೊಂದಿಸಿದ್ದೆನೇ ಹೊರತು ಅರ್ಥಕ್ಕೆ ಹೊಂದಿಸಿರಲಿಲ್ಲ. ಮಾತಿನಲ್ಲಿ ತಪ್ಪು ಹೇಳಿದ್ದರೆ ಮರುದಿನ ತಿದ್ದಬಹುದಿತ್ತು. ಚಿತ್ರ ತಲೆಯಲ್ಲಿ ಕೂತರೆ ಎಬ್ಬಿಸುವುದು ಕಷ್ಟ.

ಚಾರ್ಟ್ ಕಿತ್ತು ಮಡಚಿಟ್ಟೆ. "ನೀವೇ ಹೇಳಿ, ಏನು ಬರೆಯೋಣ?" ಅಂತ ಸೀಮೆಸುಣ್ಣ ಅವರ ಕೈಗೆ ಕೊಟ್ಟೆ. ಇದನ್ನು ಎರಡು ವಾರ ಮೊದಲೇ ಮಾಡಬೇಕಿತ್ತು, ಅಲ್ವಾ? ಮನೆಯಲ್ಲಿ ತುಳು ಮಾತಾಡುವ ಮುಲುಂಡ್ ಹುಡುಗಿ ಎದ್ದು, ನಮ್ಮಲ್ಲಿ 'ಪೋ' ಅಂದರೆ ಹೋಗು ಅಂದಳು. ಕೇರಳದ ಇಬ್ಬರು, ನಮ್ಮಲ್ಲೂ ಅದೇ ಅಂತ ತಲೆಯಾಡಿಸಿದರು. ಹೈಪೋ ಅಂದರೆ ಸಕ್ಕರೆ ಪೋ! ಬೋರ್ಡಿನ ಮೇಲೆ ಬಾಗಿಲಾಚೆ ಓಡುವ ಸಕ್ಕರೆ ಡಬ್ಬಿ ಬಂತು, ಅದಕ್ಕೆ ಎರಡು ಕಾಲು. ಹೈಪರ್‌ಗೆ (ಅಂದರೆ ಜಾಸ್ತಿ) ಅಕ್ಕಲಕೋಟೆಯವಳು ಪರ್ವತ ಬರೆದಳು. ಪರ್ವತ ಮರಾಠಿಯವರಿಗೂ ಪರ್ವತವೇ. ನನ್ನ ನೀರಾನೆಗಿಂತ ಚಿತ್ರ ಕೆಟ್ಟದಾಗಿತ್ತು, ಆದರೆ ಯಾರೂ ಇನ್ನೊಮ್ಮೆ ಕೇಳಲಿಲ್ಲ.

ಹಳೇ ವೈದ್ಯರೂ ಹೆಸರಿಟ್ಟದ್ದು ಹೀಗೇ, ಕಣ್ಣಿಗೆ ಕಂಡ ಹಾಗೆ. ಬೆನ್ನುಮೂಳೆಯ ಕೊನೆಯ ತುದಿ ಕಾಕ್ಸಿಕ್ಸ್. ಗ್ರೀಕಿನಲ್ಲಿ ಅದು ಕೋಗಿಲೆ ಜಾತಿಯ ಹಕ್ಕಿ, ಮೂಳೆ ಅದರ ಕೊಕ್ಕಿನ ಹಾಗಿದೆ. ಮೊಣಕಾಲ ಕೆಳಗಿನ ಟಿಬಿಯಾ ಲ್ಯಾಟಿನ್‌ನಲ್ಲಿ ಕೊಳಲು. ಮಸಲ್ ಅಂದರೆ ಪುಟ್ಟ ಇಲಿ, ತೋಳು ಮಡಚಿದಾಗ ಚರ್ಮದ ಕೆಳಗೆ ಓಡುತ್ತದಲ್ಲ, ಅದು. ಇದನ್ನು ಹೇಳಿದ್ದೇ ತಡ ಮರಾಠಿ ಹುಡುಗಿಯರೆಲ್ಲ ತೋಳು ಮಡಚಿ "ಬೇಟಕುಳಿ, ಬೇಟಕುಳಿ" ಅಂತ ಕೂಗಿದರು. ಅಂದರೆ ಪುಟ್ಟ ಕಪ್ಪೆ. ರೋಮಿನವರಿಗೆ ಇಲಿ ಕಂಡಲ್ಲಿ ಇವರಿಗೆ ಕಪ್ಪೆ ಕಂಡಿದೆ.

ಆಮೇಲೆ ಪಡುವಲಕಾಯಿ. ಬೆಳಿಗ್ಗೆ ಸ್ಟೇಷನ್ ಹತ್ತಿರ ಒಂದು ಉದ್ದದ್ದು ಕೊಂಡಿದ್ದೆ. ಆಪರೇಷನ್ ಹೆಸರುಗಳ ಕೊನೆಯಲ್ಲಿ ಬರುವ ಒಟಮಿ, ಎಕ್ಟಮಿ, ಒಸ್ಟಮಿ ಮೂರನ್ನೂ ಪ್ರತಿ ವರ್ಷ ಕಲಸಿಕೊಳ್ಳುತ್ತಾರೆ. ಮೇಜಿನ ಮೇಲೆ ಪೇಪರ್ ಹಾಸಿ ಕಾಯಿ ಮಲಗಿಸಿದೆ. ಉದ್ದಕ್ಕೆ ಬೆರಳಷ್ಟು ಸೀಳಿ ಮತ್ತೆ ಒತ್ತಿ ಮುಚ್ಚಿದೆ: ಕೊಯ್ದದ್ದು ಅಷ್ಟೇ, ಒಟಮಿ. ತುದಿ ಕಚಕ್ ಅಂತ ಕತ್ತರಿಸಿ ಪಕ್ಕಕ್ಕಿಟ್ಟೆ: ತೆಗೆದೇಬಿಟ್ಟರೆ ಎಕ್ಟಮಿ. ಅಪೆಂಡಿಸೆಕ್ಟಮಿ ಆದವರ ಹೊಟ್ಟೆಯಲ್ಲಿ ಅಪೆಂಡಿಕ್ಸ್ ಇರುವುದಿಲ್ಲ. ಕೊನೆಗೆ ಒಳಗಿನ ತಿರುಳು ತೆಗೆದು, ಪಕ್ಕದಲ್ಲಿ ದುಂಡಗೆ ತೂತು ಕೊರೆದು, ಅದಕ್ಕೊಂದು ಪ್ಲಾಸ್ಟಿಕ್ ಚೀಲವನ್ನು ಪ್ಲಾಸ್ಟರ್‌ನಿಂದ ಅಂಟಿಸಿದೆ. ಸ್ಟೋಮಾ ಅಂದರೆ ಗ್ರೀಕಿನಲ್ಲಿ ಬಾಯಿ. ದೊಡ್ಡಕರುಳಿಗೆ ಹೊಟ್ಟೆಯ ಮೇಲೆ ಹೊಸ ಬಾಯಿ ಮಾಡಿದರೆ ಕೊಲೊಸ್ಟಮಿ. ತುಂಡಾದ ತುದಿಯನ್ನು ಅಂಗೈಯಿಂದ ಮುಚ್ಚಿ ಆ ಕಡೆಯಿಂದ ನೀರು ಸುರಿದೆ. ಚೀಲಕ್ಕೆ ಇಳಿಯಿತು. ಮೊದಲು ಸೀಳಿದ ಕಡೆಯಿಂದಲೂ ಸೋರಿ ನನ್ನ ಸೀರೆ ಒದ್ದೆಯಾಯಿತು.

"ಹೊಲಿಗೆ ಹಾಕಿಲ್ಲ ಮೇಡಂ," ಅಂತ ಹಿಂದಿನ ಬೆಂಚಿನಿಂದ ಯಾರೋ ಅಂದರು. ಕ್ಲಾಸೆಲ್ಲ ನಗು.

ಕೊನೆಯ ಅರ್ಧ ಗಂಟೆ ತಂಬೋಲಾ. ನಂಬರ್ ಬದಲು ಪದ. ಬೋರ್ಡಿನಲ್ಲಿದ್ದ 60 ಪದಗಳಲ್ಲಿ ತಮಗೆ ಬೇಕಾದ 15 ಆರಿಸಿ ಟಿಕೆಟ್ ಅವರೇ ಬರೆದುಕೊಳ್ಳಬೇಕು. ಸ್ಪೆಲಿಂಗ್ ಅಭ್ಯಾಸ ಅಲ್ಲೇ ಆಗುತ್ತದೆ. ನಾನು ಅರ್ಥ ಕೂಗುತ್ತೇನೆ, ಅವರು ಪದ ಹುಡುಕಿ ಹೊಡೆದುಹಾಕಬೇಕು. ಬಹುಮಾನಕ್ಕೆ ಸಂಕ್ರಾಂತಿಯಲ್ಲಿ ಅಕ್ಕಪಕ್ಕದವರು ಕೊಟ್ಟು ಉಳಿದಿದ್ದ ತಿಳ್‌ಗುಳ್ ಲಾಡು. ಅರ್ಲಿ ಫೈವ್, ಅಂದರೆ ಮೊದಲು ಐದು ಪದ ಹೊಡೆದವರ ಬಹುಮಾನ, ಬೇಗ ಹೋಯಿತು. ಮೇಲಿನ ಸಾಲು ಪೂರ್ತಿಯಾಯಿತು, ಟಾಪ್ ಲೈನ್ ಅಂತ ಕೂಗಿದ್ದು ಅಕ್ಕಲಕೋಟೆಯವಳು. ನೋಡಿದರೆ ನಾನು ಪಿತ್ತಕೋಶದ ಉರಿಯೂತ ಅಂದಾಗ ಅವಳು ಸಿಸ್ಟೈಟಿಸ್ ಹೊಡೆದಿದ್ದಾಳೆ. ಬೇಕಾದದ್ದು ಕೋಲಿಸಿಸ್ಟೈಟಿಸ್. ಸಿಸ್ಟೈಟಿಸ್ ಅಂದರೆ ಮೂತ್ರಕೋಶದ್ದು.

"ಪಿತ್ತಕೋಶ ಅಂದ್ರ ಪಿತ್ತದ ಚೀಲ ಅಲ್ಲೇನ್ರಿ? ಸಿಸ್ಟ್ ಅಂದ್ರೂ ಚೀಲ ಅಂತ ನೀವ ಹೇಳಿದ್ರಿ."

ಹೇಳಿದ್ದು ಹೌದು. ಅವಳ ಲೆಕ್ಕ ಅರ್ಧ ಸರಿ. ಚೀಲ ಸಿಕ್ಕಿದೆ, ಒಳಗಿನ ಪಿತ್ತ, ಅಂದರೆ 'ಕೋಲಿ', ಬಿಟ್ಟುಹೋಗಿದೆ. ಲೈನ್ ಕೊಡಲಿಲ್ಲ. ಅರ್ಧ ಲಾಡು ಕೊಟ್ಟೆ. ಗಟ್ಟಿ ಓದಿ ಒಪ್ಪಿಸುವವಳಿಗಿಂತ ಹೀಗೆ ಜಗಳಕ್ಕೆ ನಿಲ್ಲುವವಳ ಮೇಲೆ ನನಗೆ ನಂಬಿಕೆ ಜಾಸ್ತಿ.

ಆಟದ ಇನ್ನೊಂದು ಮುಖವೂ ಕಂಡಿತು. ಚುರುಕಿನ ನಾಲ್ಕೈದು ಜನ ಲಾಡು ಬಾಚಿಕೊಂಡರು, ಮೂಲೆಯಲ್ಲಿ ಕೂರುವ ಇಬ್ಬರ ಟಿಕೆಟ್ ಹೆಚ್ಚುಕಡಿಮೆ ಖಾಲಿ ಇತ್ತು. ಮುಂದಿನ ಸಲ ಇಬ್ಬಿಬ್ಬರಿಗೆ ಒಂದು ಟಿಕೆಟ್ ಕೊಡಬೇಕು. ಮತ್ತೆ, ಗುರುವಾರ ಆ ಒಂಬತ್ತು ಜನರಿಗೆ ಅದೇ ಪ್ರಶ್ನೆ ಚಿತ್ರವಿಲ್ಲದೆ ಕೇಳಬೇಕು.

ಪಡುವಲಕಾಯಿ ಎಸೆಯಲು ಮನಸ್ಸಾಗಲಿಲ್ಲ. ಮನೆಗೆ ತಂದು ತೊಳೆದು, ಕಡಲೆಬೇಳೆ ಹಾಕಿ ಪಲ್ಯ ಮಾಡಿದೆ. ಊಟಕ್ಕೆ ಕೂತ ಇವರು ಒಂದು ಹೋಳು ಎತ್ತಿ ಹಿಡಿದು, "ಇದರ ಸಿಪ್ಪೆಗೆ ಪ್ಲಾಸ್ಟರ್ ಯಾಕೆ ಅಂಟಿದೆ?" ಅಂದರು. ನಡೆದದ್ದೆಲ್ಲ ವಿವರವಾಗಿ ಹೇಳಿದೆ, ಕೊಲೊಸ್ಟಮಿಯನ್ನೂ ಸೇರಿಸಿ.

ಮೊಸರನ್ನ ಹಾಕಿಸಿಕೊಂಡರು.