ಕಣ್ಣಿಗೆ ಕಂಡರೂ ಹುಡುಕಿದರೆ ಸಿಗದ ಪದ

2024 ಜುಲೈ 14, ಭಾನುವಾರ

ಬೆಳಗಿನಿಂದ ಒಂದೇ ಪದದ ಬೆನ್ನು ಹತ್ತಿದ್ದೇನೆ. ಹೋಮರನ ‘ಇಲಿಯಡ್’ನ ಎರಡನೆಯ ಸಾಲು ‘ಊಲೊಮೆನೇನ್’ ಎಂದು ಶುರುವಾಗುತ್ತದೆ. ಅಖಿಲೀಸನ ಕೋಪಕ್ಕೆ ಕೊಟ್ಟ ವಿಶೇಷಣ ಅದು: ಹಾಳುಗೆಡಹುವ ಕೋಪ. ಗ್ರೀಕ್ ಕಲಿಯುವವರಿಗೆಂದು ನಾನು ಬರೆಯುತ್ತಿರುವ ಪುಟ್ಟ ತಂತ್ರಾಂಶದ ಪರದೆಯಲ್ಲಿ ಆ ಪದ ಎದುರಿಗೇ ಇದೆ. ಹುಡುಕಿದರೆ ಮಾತ್ರ ಫಲಿತಾಂಶ ಸೊನ್ನೆ.

ಕೊನೆಗೆ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಅವುಗಳ ಯುನಿಕೋಡ್ ಸಂಖ್ಯೆ (ಗಣಕದಲ್ಲಿ ಪ್ರತಿ ಅಕ್ಷರಕ್ಕೂ ಕೊಟ್ಟಿರುವ ಜಾಗತಿಕ ಸಂಖ್ಯೆ) ನೋಡಿದೆ. ಕಡತದಲ್ಲಿದ್ದ, ಸ್ವರಭಾರದ ಗುರುತು ಹೊತ್ತ ಎಪ್ಸಿಲಾನ್ (ಗ್ರೀಕ್‍ನ ‘ಎ’) 8051, ನನ್ನ ಕೀಲಿಮಣೆ ಕೊಟ್ಟದ್ದು 941. ಗ್ರೀಸ್ ದೇಶ 1982ರಲ್ಲಿ ಹಳೆಯ ಗುರುತುಗಳನ್ನು ಕೈಬಿಟ್ಟು ಒಂದೇ ಸ್ವರಭಾರದ ಗುರುತನ್ನು ಉಳಿಸಿಕೊಂಡಿತು. ಯುನಿಕೋಡ್‌ನಲ್ಲಿ ಆ ಹೊಸ ಗುರುತಿನ ಅಕ್ಷರಕ್ಕೆ ಒಂದು ಮನೆ, ಪ್ರಾಚೀನ ಪಠ್ಯದ ಅಕ್ಷರಕ್ಕೆ ಬೇರೊಂದು ಮನೆ. ಎರಡೂ ಸಮಾನವೆಂದು ಯುನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಸಂಖ್ಯೆಯನ್ನಷ್ಟೇ ಹೋಲಿಸುವ ನನ್ನ ತಂತ್ರಾಂಶಕ್ಕೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕನ್ನಡದಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತಿರುವ ನೋವು. ‘ಕೊ’ದ ಒತ್ವವನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಎತ್ವ ಮತ್ತು ಕೊಂಬುದೀರ್ಘದ ಜೋಡಿಯಾಗಿಯೂ ಇಡಬಹುದು. ನೋಟಕ್ಕೆ ಎರಡೂ ಒಂದೇ.

ಮಧ್ಯಾಹ್ನ, ಗ್ರೀಕನ್ನು ರೋಮನ್ ಅಕ್ಷರಗಳಲ್ಲಿ ಬರೆದಿಡುವ ಬೀಟಾ ಕೋಡ್‌ಗೇ ಹೋಗಿಬಿಡೋಣವೇ ಎನ್ನಿಸಿತು. 1970ರ ದಶಕದ ಕೊನೆಯಲ್ಲಿ ಡೇವಿಡ್ ಪ್ಯಾಕರ್ಡ್ ರೂಪಿಸಿದ ಪದ್ಧತಿ ಅದು. ಪ್ರಾಚೀನ ಗ್ರೀಕ್ ಸಾಹಿತ್ಯವನ್ನು ಗಣಕಕ್ಕೆ ಏರಿಸಿದ ಥೆಸಾರಸ್ ಲಿಂಗ್ವೆ ಗ್ರೇಕೆ ಯೋಜನೆ 1981ರಲ್ಲಿ ಅದನ್ನು ಅಳವಡಿಸಿಕೊಂಡಿತು. ಸಾಮಾನ್ಯ ರೋಮನ್ ಕೀಲಿಮಣೆಯೇ ಸಾಕು: ಪದದ ಮೊದಲ ಸ್ವರಕ್ಕೆ ಹಕಾರ ಇಲ್ಲವೆನ್ನುವ ಮೃದು ಉಸಿರಿಗೆ ), ಇದೆಯೆನ್ನುವ ಗಡುಸು ಉಸಿರಿಗೆ (, ಏರುಸ್ವರಕ್ಕೆ /, ವಕ್ರಸ್ವರಕ್ಕೆ =. ಅಷ್ಟು ಬಡ ಸಾಧನದಲ್ಲಿ ಒಂದು ಗುರುತನ್ನೂ ಕಳೆಯದೆ ಹೋಮರನನ್ನು ಉಳಿಸಿದ ಆ ಜಾಣ್ಮೆಗೆ ಕೈಮುಗಿಯುತ್ತೇನೆ. ಆದರೂ ಓದುವವರಿಗೆ ಗ್ರೀಕ್ ಗ್ರೀಕಾಗಿಯೇ ಕಾಣಬೇಕು, ಬೇರೆಡೆಗೆ ನಕಲಿಸಿದಾಗಲೂ ಕೆಡಬಾರದು. ಹಾಗಾಗಿ ಯುನಿಕೋಡ್, ಅದನ್ನು ಕಡತದಲ್ಲಿ ಉಳಿಸಲು ಯುಟಿಎಫ್-8, ಸಮಾನ ಅಕ್ಷರಗಳನ್ನು ಒಂದೇ ಸಂಖ್ಯೆಗೆ ತರುವ ಎನ್‌ಎಫ್‌ಸಿ ರೂಪ ಎಂದು ತೀರ್ಮಾನಿಸಿದೆ. ಎನ್‌ಎಫ್‌ಸಿ ಮಾಡಿದರೆ 8051 ತಾನಾಗಿ 941 ಆಗುತ್ತದೆ. ಕಡತ ಒಳಗೆ ಬರುವಾಗಲೂ ಮಾಡುತ್ತೇನೆ, ಹುಡುಕುವ ಪದಕ್ಕೂ ಮಾಡುತ್ತೇನೆ.

ಗುರುತುಗಳನ್ನು ಬಿಡಿಬಿಡಿಯಾಗಿ ಟೈಪಿಸುವವರು ಮಾತ್ರ ಅನುಕ್ರಮ ತಪ್ಪಬಾರದು. ಆಲ್ಫಾ 945, ಉಸಿರು 787, ಸ್ವರಭಾರ 769 ಹೀಗೆ ಬಂದರೆ ಸೇರಿ 7940 ಆಗುತ್ತದೆ. ಸ್ವರಭಾರ ಮೊದಲು ಬಂದರೆ ಆಗುವುದಿಲ್ಲ.

ಕಲಿಯುವವರಿಗೆ ಗುರುತುಗಳು ನೆನಪಿರುವುದಿಲ್ಲ, ಎಲ್ಲವನ್ನೂ ತೆಗೆದುಹಾಕಿ ಹುಡುಕಲಿ ಎಂದು ಸ್ನೇಹಿತರೊಬ್ಬರು ಸಂಜೆ ಸಲಹೆ ಕೊಟ್ಟರು. ಆ ಅನುಕೂಲವನ್ನು ಕೊಡುತ್ತೇನೆ, ಆದರೆ ಕೇಳಿದವರಿಗೆ ಮಾತ್ರ. ಗ್ರೀಕ್‌ನಲ್ಲಿ ‘ಹೊರೊಸ್’ ಎಂದರೆ ಗಡಿ, ‘ಒರೊಸ್’ ಎಂದರೆ ಬೆಟ್ಟ. ಬರಹದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಉಸಿರಿನ ಗುರುತು ಒಂದೇ. ಅದನ್ನು ಅಳಿಸುವುದೆಂದರೆ ಕನ್ನಡದ ‘ಹತ್ತು’ ಮತ್ತು ‘ಅತ್ತು’ ಒಂದೇ ಎಂದ ಹಾಗೆ.

ರಾತ್ರಿ ಒಂಬತ್ತಕ್ಕೆ ‘ಊಲೊಮೆನೇನ್’ ಸಿಕ್ಕಿತು. ಅದೇ ಸಾಲಿನಲ್ಲಿ ಮುಂದೆ ಎರಡು ಕಡೆ ಸ್ವರಲೋಪದ (ಪದದ ಕೊನೆಯ ಸ್ವರ ಬಿಟ್ಟುಹೋಗಿದೆ ಎನ್ನುವ) ಚಿಹ್ನೆ ಇದೆ. ಕಡತದಲ್ಲಿ ಅದು 8125, ಇರಬೇಕಾದದ್ದು 8217. ಇದನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ನಾಳೆ ನಾನೇ ಕೈಯಾರೆ ಬದಲಿಸಬೇಕು.