ಆಷಾಢದ ಮೆಟ್ಟಿಲು, ದೊಡ್ಡಮ್ಮನ ಮಂಡಿ

10 ಜುಲೈ 2025, ಗುರುವಾರ, ರಾತ್ರಿ

ನಾಳೆ ಮೂರನೇ ಆಷಾಢ ಶುಕ್ರವಾರ. ಸಂಜೆ ದೊಡ್ಡಮ್ಮನ ಫೋನು ಬಂತು. "ಚಾಮುಂಡಿ ಬೆಟ್ಟದ ಅಷ್ಟೂ ಮೆಟ್ಟಿಲಿಗೆ ಅರಿಶಿನ ಕುಂಕುಮ ಇಡ್ತೀನಿ ಅಂತ ಹೇಳ್ಕೊಂಡಿದ್ದೆ. ಎಷ್ಟು ಕುಂಕುಮ ಬೇಕಾಗತ್ತೆ?"

ವಯಸ್ಸು 68. ಎಡಮಂಡಿ ಸವೆದಿದೆ, ಸಕ್ಕರೆ ಕಾಯಿಲೆಗೆ ಮಾತ್ರೆ ನಡೀತಿದೆ. ಹತ್ತಬಹುದಾ ಅಂತ ಕೇಳಲೇ ಇಲ್ಲ. ಕೇಳಿದ್ದು ಕುಂಕುಮದ ಲೆಕ್ಕ ಮಾತ್ರ.

ಕಾಲು ಕಿಲೋ ಸಾಕು. ಒಂದು ಚಿಟಿಕೆ ಹೆಚ್ಚುಕಮ್ಮಿ ಕಾಲು ಗ್ರಾಂ, 1008 ಮೆಟ್ಟಿಲಿಗೆ 250 ಗ್ರಾಂ. ಅರಿಶಿನವೂ ಅಷ್ಟೇ. ಕಿಲೋಗಟ್ಟಲೆ ಹೊತ್ತು ತಂದು, ನಂದಿಯ ಹತ್ತಿರ ಬರುವಷ್ಟರಲ್ಲಿ ಸುಸ್ತಾಗಿ, ಉಳಿದದ್ದನ್ನು ಒಂದೇ ಕಡೆ ಸುರಿದುಬಿಡುತ್ತಾರಲ್ಲ, ಅದರಿಂದಲೇ ಅನಾಹುತ. ಆಷಾಢದ ಜಡಿಮಳೆ ಬಿದ್ದರೆ ಆ ಗುಡ್ಡೆ ಕೆಸರಾಗುತ್ತದೆ. ಬರಿಗಾಲು, ಸವೆದು ನುಣುಪಾದ ಕಲ್ಲು, ಮೇಲೆ ಆ ಕೆಸರು. ಹಿಂದೆ ಬರುವವರು ಜಾರದೆ ಇನ್ನೇನಾಗಬೇಕು? ಕರ್ಪೂರದ ಕಥೆಯೂ ಹಾಗೇ. ಮೆಟ್ಟಿಲ ಮೇಲೆ ಹಚ್ಚಿಟ್ಟು ಮುಂದೆ ಹೋದರೆ ಹಿಂದಿನವರ ಸೀರೆಯ ನೆರಿಗೆ ಅದರ ಮೇಲೇ ಹಾಯಬೇಕು.

ಕುಂಕುಮ ಎಲ್ಲಿಂದ ತರ್ತೀರಿ ಅಂತಲೂ ಕೇಳಿದೆ. ಅರಿಶಿನಕ್ಕೆ ಬಿಳಿಗಾರ, ನಿಂಬೆರಸ ಹಾಕಿ ಒಣಗಿಸಿದ ಕುಂಕುಮವೇ ಆಗಬೇಕು. ಬರೀ ಬಣ್ಣದ ಪುಡಿ ಕಲ್ಲಿಗೂ ಒಳ್ಳೆಯದಲ್ಲ, ಇಡುವವರ ಬೆರಳಿಗೂ ಒಳ್ಳೆಯದಲ್ಲ. ಆ ಮೆಟ್ಟಿಲು 17ನೇ ಶತಮಾನದ್ದು, ದೊಡ್ಡದೇವರಾಜ ಒಡೆಯರು ಕಟ್ಟಿಸಿದ್ದು. ನಾವು ಇಟ್ಟಿದ್ದನ್ನೆಲ್ಲ ಅದು ಸುಮ್ಮನೆ ಹೊತ್ತುಕೊಳ್ಳುತ್ತೆ ಅಂದುಕೊಂಡಿದ್ದೇವೆ.

ಬರೀ ಹತ್ತುವುದಾದರೆ ಆರೋಗ್ಯ ಗಟ್ಟಿ ಇರುವವರಿಗೆ ಮುಕ್ಕಾಲು ಗಂಟೆ, ಒಂದು ಗಂಟೆ. ಅರಿಶಿನ ಕುಂಕುಮ ಇಡುತ್ತಾ ಹೋದರೆ ಲೆಕ್ಕವೇ ಬೇರೆ. ಒಂದು ಮೆಟ್ಟಿಲಿಗೆ 8 ಸೆಕೆಂಡು ಅಂದರೂ ಎರಡೂಕಾಲು ಗಂಟೆ ಬೇಕು. ನಡುವೆ ಕೂರುವುದು, ನೀರು ಕುಡಿಯುವುದು, ಜನರಿಗೆ ದಾರಿ ಬಿಡುವುದು ಸೇರಿದರೆ ಮೂರಕ್ಕೂ ಮೇಲೆ. ಅಷ್ಟು ಹೊತ್ತು ಉಪವಾಸದಲ್ಲಿ ಸಕ್ಕರೆ ಮಾತ್ರೆ ನುಂಗಿ ಹತ್ತಿದರೆ ಅರ್ಧ ದಾರಿಯಲ್ಲಿ ಕಣ್ಣು ಕತ್ತಲೆ ಬರಬಹುದು, ಬೆವರು ಕಿತ್ತುಕೊಳ್ಳಬಹುದು. ಎರಡು ಇಡ್ಲಿ ತಿಂದೇ ಹೊರಡಿ, ಸೆರಗಿನಲ್ಲಿ ಬೆಲ್ಲದ ಚೂರು ಕಟ್ಟಿಕೊಳ್ಳಿ ಅಂದೆ. "ತಿಂದು ಹೋದ್ರೆ ಹೇಗೆ?" ಅಂದರು. ತಾಯಿ ಮಕ್ಕಳನ್ನು ಹಸಿದು ಬಾ ಅಂತ ಕರೆಯುತ್ತಾಳಾ ದೊಡ್ಡಮ್ಮ?

ಸೊಂಟ ಉಳಿಸಿಕೊಳ್ಳುವ ಉಪಾಯ ಒಂದಿದೆ. ನಿಂತ ಮೆಟ್ಟಿಲಿಗೆ ಬಗ್ಗಿ ಇಡಬಾರದು. ಎರಡು ಮೂರು ಮೆಟ್ಟಿಲು ಮುಂದಿನದು ಮಂಡಿಯ ಎತ್ತರಕ್ಕೆ ಬಂದಿರುತ್ತದೆ, ಅಲ್ಲಿಗೆ ಕೈ ಚಾಚಿದರೆ ಸಾಕು. ಕಾಲಿಡುವ ಜಾಗಕ್ಕೆ ಬೇಡ, ಮೆಟ್ಟಿಲ ಮುಖಕ್ಕೆ, ಬದಿಯಲ್ಲಿ ಹಚ್ಚಬೇಕು. ಯಾರೂ ತುಳಿಯುವುದಿಲ್ಲ, ಯಾರೂ ಜಾರುವುದಿಲ್ಲ. ಪ್ಲಾಸ್ಟಿಕ್ ಕವರು ಬೇಡ, ಸೊಂಟಕ್ಕೆ ಕಟ್ಟುವ ಬಟ್ಟೆ ಚೀಲ ಸಾಕು. ಬಾಳೆಹಣ್ಣು, ತೆಂಗಿನಕಾಯಿ ಕಣ್ಣಿಗೆ ಕಾಣುವ ಹಾಗೆ ಹಿಡಿದರೆ ಕೋತಿ ಬಿಡುವುದಿಲ್ಲ. ಬೆಳಕು ಹರಿಯುವ ಮೊದಲು ಒಬ್ಬರೇ ಹೊರಡುವುದೂ ಬೇಡ, ಬೆಟ್ಟದ ಕಾಡಿನಲ್ಲಿ ಚಿರತೆ ಇದೆ.

ನಂದಿ ಬರುವುದು ಸುಮಾರು 700ನೇ ಮೆಟ್ಟಿಲಿಗೆ. ಆವತ್ತು ಆ ಬಂಡೆಯಲ್ಲಿ ಈ ನಂದಿಯನ್ನು ಕಂಡವರ ಕಣ್ಣು ಎಂಥದ್ದಿರಬೇಕು! ಕೊರಳ ಗಂಟೆ ಸರದ ಒಂದೊಂದು ಗಂಟೆಯೂ ಬೇರೆ ಬೇರೆಯಾಗಿ ಎದ್ದು ಕಾಣುತ್ತದೆ. ಅದರ ಹಿಂದಿನ ಗುಹೆಯಲ್ಲಿ ಶಿವನಿದ್ದಾನೆ, ಕೂರಲು ತಂಪು ಜಾಗ. ಮಂಡಿ ಬೇಡ ಅಂದರೆ ಇಲ್ಲೇ ನಿಲ್ಲಿಸಬಹುದು, ರಸ್ತೆ ಪಕ್ಕದಲ್ಲೇ ಇದೆ. ಉಳಿದ ಸುಮಾರು 300 ಮುಂದಿನ ವಾರ. ಆದರೆ ಮುಂದಿನ ಗುರುವಾರ ವರ್ಧಂತಿ, ಅಂದರೆ ಅಮ್ಮನ ಹುಟ್ಟುಹಬ್ಬ, ಚಿನ್ನದ ಪಲ್ಲಕ್ಕಿ ಉತ್ಸವ. ಮರುದಿನವೇ ಕೊನೆಯ ಶುಕ್ರವಾರ. ಎರಡು ದಿನವೂ ಮೆಟ್ಟಿಲ ಮೇಲೆ ಕಾಲಿಡಲು ಜಾಗ ಸಿಗುವುದು ಕಷ್ಟ. ಅದಕ್ಕೇ ಮಂಗಳವಾರ ಹೋಗಿ ಅಂದೆ. ಅದೂ ಅಮ್ಮನ ವಾರವೇ.

ಮೇಲೆ ಹೋದವರು 1827ರಲ್ಲಿ ಮುಮ್ಮಡಿ ಕೃಷ್ಣರಾಜರು ಎತ್ತಿಸಿದ ಏಳಂತಸ್ತಿನ ಗೋಪುರ ನೋಡಿ, ದರ್ಶನ ಮುಗಿಸಿ ಹಿಂದಿರುಗುತ್ತಾರೆ. ಪಕ್ಕದ ಮಹಾಬಲೇಶ್ವರನ ಗುಡಿಗೆ ಹೋಗುವವರು ಕಡಿಮೆ. ಅದು ಅಮ್ಮನ ಗುಡಿಗಿಂತ ಹಳೆಯದು, ಬೆಟ್ಟಕ್ಕೆ ಮಹಾಬಲಾದ್ರಿ ಅಂತ ಹೆಸರು ಬಂದದ್ದೇ ಅವನಿಂದ. ಸರತಿಯಲ್ಲಿ ನಿಂತು ಕಾಲು ಸೋತವರಿಗೆ ಅಲ್ಲಿ ನೆರಳೂ ಇದೆ, ಮೌನವೂ ಇದೆ.

ಇಳಿಯುವುದು ಮಾತ್ರ ಬಸ್ಸಿನಲ್ಲೇ. ಇದನ್ನು ಮೂರು ಸಲ ಹೇಳಿದೆ. ಹತ್ತುವಾಗ ಕೆಲಸ ತೊಡೆಯದ್ದು, ಎದೆಯದ್ದು. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರದ ಕೆಲವು ಪಟ್ಟು ಮಂಡಿ ಚಿಪ್ಪಿನ ಮೇಲೆ ಬೀಳುತ್ತದೆ. ಮಂಡಿ ಊದಿಕೊಂಡು ಮಲಗಿದವರನ್ನು ಕೇಳಿ ನೋಡಿ, ಹತ್ತಿ ಊದಿಸಿಕೊಂಡವರಿಗಿಂತ ಇಳಿದು ಊದಿಸಿಕೊಂಡವರೇ ಜಾಸ್ತಿ. ಈ ಆಷಾಢ ಶುಕ್ರವಾರಗಳಲ್ಲಿ ಖಾಸಗಿ ಗಾಡಿ ಮೇಲೆ ಬಿಡುವುದಿಲ್ಲ, ಬಸ್ಸು ಲಲಿತಮಹಲ್ ಮೈದಾನಕ್ಕೆ ಇಳಿಸುತ್ತದೆ. ಬೆಟ್ಟದ ಪಾದದಲ್ಲಿ ಸ್ಕೂಟರು ಬಿಟ್ಟು ಹತ್ತಿದರೆ ವಾಪಸು ಪಾದಕ್ಕೆ ಆಟೋ ಹುಡುಕಬೇಕು. ಮಗನಿಗೆ ಹೇಳಿ, ಮೈದಾನದಲ್ಲೇ ಕಾಯಲಿ.

ಎಲ್ಲ ಕೇಳಿಸಿಕೊಂಡು ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬಗ್ಗದೇ ಇಟ್ರೆ ಅಮ್ಮನಿಗೆ ನಮಸ್ಕಾರ ಮಾಡಿದ ಹಾಗೆ ಆಗತ್ತಾ?"

ಇದಕ್ಕೆ ನನ್ನಲ್ಲಿ ಲೆಕ್ಕವಿಲ್ಲ. ಮೆಟ್ಟಿಲು ಮೆಟ್ಟಿಲಿಗೂ ತಲೆ ಬಾಗಲಿ ಅಂತಲೇ ಅಲ್ಲವಾ ಈ ಹರಕೆ. ಸವೆದ ಮಂಡಿಯವರು ಹೇಗೆ ಬಾಗಬೇಕು? ಮೊದಲ ಮೆಟ್ಟಿಲಿಗೂ ಕೊನೆಯದಕ್ಕೂ ಹಣೆ ಮುಟ್ಟಿಸಿದರೆ ಸಾಕು ಅಂತ ಬಾಯಿಗೆ ಬಂತು. ಹೇಳಲು ನಾನ್ಯಾರು?

ನಾಳೆ ಬೇಡ, ಮಂಗಳವಾರ ಅಂತ ಒಪ್ಪಿದ್ದಾರೆ. ಈಗ ಹನಿ ಶುರುವಾಗಿದೆ, ಹುಣ್ಣಿಮೆಯ ಚಂದ್ರ ಕಾಣುತ್ತಿಲ್ಲ. ಕೋಲು ತಗೊಂಡು ಹೋಗಿ ಅಂತ ಹೇಳುವುದೇ ಮರೆತುಹೋಯಿತು. ಕೋಲಿದ್ದರೆ ಮಂಡಿಯ ಭಾರ ಎಷ್ಟೋ ಕಡಿಮೆ. ಆದರೆ ಒಂದು ಕೈಗೆ ಕೋಲು, ಇನ್ನೊಂದು ಕೈಯಲ್ಲಿ ಬಟ್ಟಲು, ಮತ್ತೆ ಕುಂಕುಮ ಇಡುವ ಕೈ… ಬಟ್ಟಲನ್ನು ಜೊತೆಗೆ ಹೋಗುವವರು ಹಿಡಿದರೆ? ಮೊಮ್ಮಗಳು ಬರ್ತಾಳಾ ಅಂತ ನಾಳೆ ಬೆಳಿಗ್ಗೆ ಕೇಳಬೇಕು.