ಯಾವ ದೇವರು ಕಾಪಾಡಿದ?

ನನ್ನ ಕಾರಿನ ಫೋಟೋ ನೋಡಿದವರೆಲ್ಲ ಕೇಳುವುದು ಒಂದೇ. ‘ಇಷ್ಟು ನಜ್ಜುಗುಜ್ಜಾಗಿದೆ, ಯಾವ ದೇವರಪ್ಪಾ ನಿನ್ನನ್ನು ಕಾಪಾಡಿದ್ದು?’ ಮೊದಮೊದಲು ಸುಮ್ನೆ ಕೈ ಮುಗಿಯುತ್ತಿದ್ದೆ. ಈಗ ಪೂರ್ತಿ ಹೇಳಬೇಕು ಅನ್ನಿಸುತ್ತದೆ.

ಮೆಕ್ಕೆಜೋಳ ಕಟಾವಿನ ಸಮಯ. ಚಿತ್ರದುರ್ಗದಲ್ಲಿ ಅಕ್ಕನ ಮನೆಗೆ ಹೋಗಿದ್ದವನು ಸಂಜೆ ಒಬ್ಬನೇ ದಾವಣಗೆರೆಗೆ ವಾಪಸ್ ಬರುತ್ತಿದ್ದೆ. ಸುಮಾರು 60 ಕಿಲೋಮೀಟರ್. ನೂರಾರು ಸಲ ಓಡಾಡಿದ ದಾರಿ. ಭರಮಸಾಗರ ದಾಟಿ ಸ್ವಲ್ಪ ದೂರ ಬಂದಿದ್ದೆ. ವೇಗ 80ರ ಆಸುಪಾಸು. ಎಡಗಡೆ ಸರ್ವಿಸ್ ರಸ್ತೆಯಿಂದ ಹಾಲಿನ ಕ್ಯಾನು ಕಟ್ಟಿದ್ದ ಬೈಕೊಂದು ಹೆದ್ದಾರಿಗೆ ಬಂದುಬಿಟ್ಟಿತು. ಬ್ರೇಕ್ ಒತ್ತಿ ಬಲಕ್ಕೆ ಎಳೆದೆ. ಡಿವೈಡರ್‌ಗೆ ಬಡಿದ ಕಾರು ಗಿರ್ರನೆ ತಿರುಗಿ, ಮತ್ತೆ ಎಡಕ್ಕೆ ಬಂದು ಕಂಬಿಗೆ ತಾಗಿ ನಿಂತಿತು.

ಒಳಗೆಲ್ಲ ಬಿಳಿ ಪುಡಿ, ಸುಟ್ಟ ವಾಸನೆ. ಕಾರಿಗೆ ಬೆಂಕಿ ಬಿತ್ತು ಎಂದುಕೊಂಡೆ. ಏರ್‌ಬ್ಯಾಗ್ ತೆರೆದಾಗ ಹಾಗೇ ಆಗುತ್ತದೆ ಎಂದು ಗೊತ್ತಾಗಿದ್ದು ಆಮೇಲೆ.

ನನ್ನ ಬಾಯಿಂದ ಬಂದ ಮೊದಲ ಮಾತು, ‘ಬೈಕಿನವರಿಗೆ ಏನಾಯ್ತು?’ ಅವರು ರಸ್ತೆ ಬದಿಯಲ್ಲಿ ಕ್ಯಾನು ಹಿಡಿದುಕೊಂಡು ನಡುಗುತ್ತಾ ನಿಂತಿದ್ದರು. ಒಂದು ಗೀರೂ ಆಗಿರಲಿಲ್ಲ. ತಪ್ಪು ಅವರದೇ ಅಲ್ವಾ ಎಂದು ಜನ ಕೇಳುತ್ತಾರೆ. ಇರಬಹುದು. ಆದರೆ ಅವತ್ತು ನಾನು ಬದುಕಿದ್ದಕ್ಕಿಂತ ಜಾಸ್ತಿ ನೆಮ್ಮದಿ ಕೊಟ್ಟಿದ್ದು ಅವರು ಎರಡು ಕಾಲ ಮೇಲೆ ನಿಂತಿದ್ದು. ಇಲ್ಲದಿದ್ದರೆ ಒಬ್ಬರ ಜೀವ ನನ್ನ ಕೈಯಿಂದ ಹೋಯಿತು ಅಂತ ಜೀವನಪೂರ್ತಿ ಹೊತ್ತುಕೊಂಡಿರಬೇಕಿತ್ತು. ಈಗಲೂ ರಾತ್ರಿ ಎಚ್ಚರವಾದರೆ ಅದೇ ನೆನಪಾಗುತ್ತದೆ. ಅವರು ನಿಂತಿದ್ದ ರೀತಿ ನೆನೆಸಿಕೊಂಡು ಮತ್ತೆ ಮಲಗುತ್ತೇನೆ.

ಸರ್ವಿಸ್ ರಸ್ತೆಯಲ್ಲಿ ಗಂಡ ಹೆಂಡತಿ ಇಬ್ಬರು ಮೆಕ್ಕೆಜೋಳ ಒಣಗಿಸುತ್ತಿದ್ದರು. ಅವರೇ ಮೊದಲು ಓಡಿ ಬಂದವರು. ‘ಅಲ್ಲಾಡಬ್ಯಾಡ್ರಿ, ಸುಮ್ನೆ ಕುಂದರ್ರಿ’ ಎಂದು ಆ ತಾಯಿ ನನ್ನ ಕೈ ಹಿಡಿದುಕೊಂಡರು. ಅವರ ಯಜಮಾನರು 108ಕ್ಕೆ ಫೋನ್ ಮಾಡಿದರು. ಆಮೇಲೆ ಜಾಲಿ ಕೊಂಬೆ ಮುರಿದು ತಂದು ಕಾರಿನ ಹಿಂದೆ ದೂರದಲ್ಲಿ ರಸ್ತೆಗೆ ಅಡ್ಡ ಇಟ್ಟರು. ಕತ್ತಲಾಗುತ್ತಿತ್ತು. ಆ ಕೊಂಬೆ ಇಲ್ಲದಿದ್ದರೆ ಹಿಂದಿನಿಂದ ಬಂದ ಲಾರಿ ನನ್ನ ಮೇಲೇ ಹತ್ತುತ್ತಿತ್ತು. ಎಷ್ಟೋ ಅಪಘಾತಗಳಲ್ಲಿ ಎರಡನೇ ಹೊಡೆತವೇ ಜೀವ ತೆಗೆಯುವುದು.

ಆಂಬುಲೆನ್ಸ್ ಬಂದಾಗ ಹೆಸರು ಕೇಳಿದೆ. ಹೇಳಲಿಲ್ಲ. ‘ಪೊಲೀಸು, ಕೋರ್ಟು ಅಂತ ಅಲೀಬೇಕಾಗ್ತದ್ರಿ’ ಎಂದರು. ಈ ಭಯ ನಮ್ಮಲ್ಲಿ ತುಂಬ ಜನಕ್ಕಿದೆ. ಆದರೆ ಸಹಾಯ ಮಾಡಿದವರ ರಕ್ಷಣೆಗೆ ಇದ್ದ ಮಾರ್ಗಸೂಚಿಯನ್ನು ಸುಪ್ರೀಂ ಕೋರ್ಟ್ 2016ರಲ್ಲೇ ಎತ್ತಿಹಿಡಿದಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಿ ಎಂದು ಒತ್ತಾಯಿಸುವಂತಿಲ್ಲ. ದಯವಿಟ್ಟು ಇದನ್ನು ನಿಮ್ಮ ಊರಲ್ಲಿ ನಾಲ್ಕು ಜನಕ್ಕೆ ಹೇಳಿ.

ಮಾರನೇ ದಿನ ಕುತ್ತಿಗೆ ಹಿಡಿದುಕೊಂಡಿತು. ಬಲ ಭುಜದಿಂದ ಎಡ ಸೊಂಟದವರೆಗೆ ಕಂದಿದ ಗೆರೆ, ಸೀಟ್ ಬೆಲ್ಟಿನದು. ಏರ್‌ಬ್ಯಾಗ್ ಇದ್ದರೆ ಸಾಕು ಎಂದುಕೊಂಡವರಿಗೆ ಆ ಗೆರೆ ತೋರಿಸಬೇಕಿತ್ತು. ಬೆಲ್ಟ್ ಮೈಯನ್ನು ಹಿಡಿದಿಟ್ಟರೆ ಮಾತ್ರ ಏರ್‌ಬ್ಯಾಗ್ ಸರಿಯಾಗಿ ಕಾಪಾಡುತ್ತದೆ. ಇನ್ಶೂರೆನ್ಸ್, ಗ್ಯಾರೇಜು ಅಂತ ಎರಡು ತಿಂಗಳು ಓಡಾಡಿದೆ. ಅದೆಲ್ಲ ತಗಡಿನ ವಿಷಯ, ಬಿಡಿ.

ನನ್ನ ಅವ್ವ ದಾವಣಗೆರೆಯ ದುಗ್ಗಮ್ಮನಿಗೆ ಉಡಿ ತುಂಬುತ್ತೇನೆ ಎಂದು ಹರಕೆ ಹೊತ್ತಿದ್ದಳು. ತುಂಬಿದಳು. ಆಮೇಲೆ ಇನ್ನೊಂದು ಕುಬಸ, ಕಾಯಿ, ಅಕ್ಕಿ, ಎಲೆ ಅಡಿಕೆ ಕಟ್ಟಿಕೊಂಡು ‘ಅವರ ಮನೆಗೆ ನಡಿ’ ಎಂದಳು. ವಿಚಾರಿಸಿ ವಿಚಾರಿಸಿ ಮನೆ ಹುಡುಕಿದೆವು. ಆ ತಾಯಿಯನ್ನು ಕೂರಿಸಿ, ಅವ್ವ ಅವರಿಗೂ ಉಡಿ ತುಂಬಿದಳು. ಇಬ್ಬರೂ ಅತ್ತರು. ಹೊರಡುವಾಗ ‘ಬರಿಗೈಲಿ ಕಳಿಸ್ತಾರೇನ್ರಿ’ ಎಂದು ಅವರು ಒಂದು ಚೀಲ ಶೇಂಗಾ ಕೊಟ್ಟರು. ಅದರಲ್ಲಿ ಅವ್ವ ಚಟ್ನಿಪುಡಿ ಮಾಡಿದಳು. ಒಂದು ಡಬ್ಬಿ ಅಕ್ಕನಿಗೂ ಕಳಿಸಿದೆವು.